ಭತ್ತದ ಎಲೆಯ ಸಕ್ಕರೆ ಎಲ್ಲಿಗೆ ಹೋಗುತ್ತದೆ? ಕಿಣ್ವಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನಲ್ಲಿ ಓದುವ ಹುಡುಗರು, ತೀರ್ಥಹಳ್ಳಿ–ಹೊಸನಗರ ಕಡೆಯ ಭತ್ತದ ಬೆಳೆಗಾರರು, ಶಿಕಾರಿಪುರದ ಮೆಕ್ಕೆಜೋಳದವರು, ಕೊಟ್ಟಿಗೆಯಲ್ಲಿ ನಾಲ್ಕು ದನ ಕಟ್ಟಿಕೊಂಡವರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಎಲೆ ಹಗಲಿಡೀ ಮಾಡಿದ ಸಕ್ಕರೆ ಎಲೆಯಲ್ಲೇ ಉಳಿಯಬೇಕೋ, ಕಾಳಿಗೆ ಹೋಗಬೇಕೋ ಎಂದು ತೀರ್ಮಾನಿಸುವುದು ಯಾವುದು? ಗದ್ದೆ ನೋಡುವಾಗ ನಾವು ಎಲೆ ಎಷ್ಟು ಹಸಿರಾಗಿದೆ ಎಂದು ನೋಡುತ್ತೇವೆ. ಎಲೆಯಿಂದ ಎಷ್ಟು ಹೊರಟಿತು ಎಂದು ಯೋಚಿಸುವುದು ಕಡಿಮೆ. ನನ್ನ ಪ್ರಕಾರ ಮುಖ್ಯವಾದದ್ದು ಎರಡನೆಯದೇ, ಉತ್ತರಗಳನ್ನು ಬರೆದಿರುವುದೂ ಅದರ ಮೇಲೆ ಕಣ್ಣಿಟ್ಟು.

ಎಲೆಯಲ್ಲಿರುವುದು ನಾವು ಕಾಫಿಗೆ ಹಾಕುವ ಸಕ್ಕರೆಯೇನಾ?

ಹೌದು, ಅದೇ. ಕಾಫಿಗೆ ಹಾಕುವುದು ಸುಕ್ರೋಸ್. ಭತ್ತದ ಎಲೆಯಿಂದ ಹೊರಟು ಬೇರಿಗೂ ತೆನೆಗೂ ಹರಿಯುವುದೂ ಸುಕ್ರೋಸ್. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಸೇರಿ ಆಗುವ ಅಣು ಇದು. ಕಬ್ಬು ಕೂಡ ಹುಲ್ಲಿನ ಕುಟುಂಬದ್ದೇ. ಅದು ಸುಕ್ರೋಸನ್ನು ಜಲ್ಲೆಯಲ್ಲಿ ಹಾಗೇ ತುಂಬಿಡುತ್ತದೆ, ಭತ್ತ ಕಾಳಿಗೆ ಸಾಗಿಸಿ ಪಿಷ್ಟ ಮಾಡುತ್ತದೆ. ಎಲೆಯಲ್ಲಿ ಸುಕ್ರೋಸ್ ಜೊತೆ ಅಷ್ಟಿಷ್ಟು ಬಿಡಿ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಪಿಷ್ಟವೂ ಇರುತ್ತವೆ.

ಎಲ್ಲ ಧಾನ್ಯದ ಬೆಳೆಗಳೂ ಒಂದೇ ರೀತಿ ಕೂಡಿಡುತ್ತವಾ?

ಇಲ್ಲ. ಪಠ್ಯಪುಸ್ತಕದಲ್ಲಿ 'ಎಲೆ ಹಗಲು ಪಿಷ್ಟ ಮಾಡುತ್ತದೆ' ಎಂದು ಒಂದೇ ಸಾಲಿನಲ್ಲಿ ಓದಿದವರು ಎಡವುವುದು ಇಲ್ಲೇ.

ಭತ್ತದ ಎಲೆಯ ಅಲಗಿನಲ್ಲಿ ಸುಕ್ರೋಸ್‌ನದೇ ಮೇಲುಗೈ, ಪಿಷ್ಟ ಕಡಿಮೆ. ಪಿಷ್ಟವನ್ನು ಭತ್ತ ಗಟ್ಟಿಯಾಗಿ ಕೂಡಿಡುವುದು ಎಲೆಕವಚದಲ್ಲಿ, ಅಂದರೆ ದಂಟನ್ನು ಸುತ್ತಿ ಹಿಡಿದಿರುವ ಎಲೆಯ ಬುಡಭಾಗದಲ್ಲಿ, ಮತ್ತು ದಂಟಿನಲ್ಲಿ. ಮೆಕ್ಕೆಜೋಳ, ರಾಗಿ, ಕಬ್ಬು ಸಿ-4 ಗಿಡಗಳು, ಅಂದರೆ ಇಂಗಾಲವನ್ನು ಎರಡು ಬಗೆಯ ಕೋಶಗಳಲ್ಲಿ ಎರಡು ಹಂತವಾಗಿ ಹಿಡಿಯುವಂಥವು. ಮೆಕ್ಕೆಜೋಳದ ಎಲೆಯಲ್ಲಂತೂ ಕೆಲಸವನ್ನೇ ಹಂಚಿಬಿಟ್ಟಿದೆ: ನರಗಳನ್ನು ಸುತ್ತುವರಿದ ಜೀವಕೋಶಗಳಲ್ಲಿ ಪಿಷ್ಟ, ಅವುಗಳ ಹೊರಗಿನ ಸುತ್ತಿನ ಕೋಶಗಳಲ್ಲಿ ಬಹುಪಾಲು ಸುಕ್ರೋಸ್. ಗೋಧಿ, ಬಾರ್ಲಿ, ಓಟ್ಸ್, ರೈ ಮುಂತಾದ ಚಳಿನಾಡಿನ ಹುಲ್ಲುಗಳದ್ದು ಮೂರನೆಯ ದಾರಿ. ಅವು ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಯನ್ನು ಕಟ್ಟಿಡುತ್ತವೆ. ಭತ್ತಕ್ಕೂ ಮೆಕ್ಕೆಜೋಳಕ್ಕೂ ಆ ವಿದ್ಯೆ ಬರುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಫ್ರಕ್ಟಾನ್ ಹೆಚ್ಚಾಗಿ ಸಿಗುವುದು ಈರುಳ್ಳಿ, ಬೆಳ್ಳುಳ್ಳಿಯಲ್ಲಿ.

ಕಿಣ್ವ ಅಂದರೆ ಏನು?

ಜೀವಕೋಶದೊಳಗಿನ ಒಂದು ರಾಸಾಯನಿಕ ಕ್ರಿಯೆಯನ್ನು ವೇಗವಾಗಿ ನಡೆಸಿಕೊಡುವ ಪ್ರೋಟೀನು. ಒಂದು ಕಿಣ್ವಕ್ಕೆ ಸಾಮಾನ್ಯವಾಗಿ ಒಂದೇ ಕೆಲಸ. ಈ ಪುಟಕ್ಕೆ ಬೇಕಾದ ವಿಷಯ ಇಷ್ಟು: ಕಿಣ್ವ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಬೆಳಕು, ಕೋಶದೊಳಗಿನ ಸಣ್ಣ ಅಣುಗಳು, ಮೈಗೆ ಅಂಟುವ ಒಂದು ಫಾಸ್ಫೇಟ್ (ರಂಜಕದ) ಗುಂಪು ಅದನ್ನು ಚುರುಕು ಮಾಡಬಲ್ಲವು, ಮಂಕೂ ಮಾಡಬಲ್ಲವು. ಎಲೆಯ ಹತೋಟಿ ಇರುವುದು ಈ ಏರಿಳಿತದಲ್ಲಿ.

ಸುಕ್ರೋಸ್ ಆಗಬೇಕೋ ಪಿಷ್ಟ ಆಗಬೇಕೋ, ಎಲೆ ಹೇಗೆ ತೀರ್ಮಾನ ಮಾಡುತ್ತದೆ?

ಸ್ವಲ್ಪ ನಿಧಾನವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬೆಳಕು ಬಿದ್ದಾಗ ಕೋಶದ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನೊಳಗೆ ಮೂರು ಇಂಗಾಲದ ಸಕ್ಕರೆ ಫಾಸ್ಫೇಟ್ ತಯಾರಾಗುತ್ತದೆ. ಅದಕ್ಕೆ ಎರಡು ದಾರಿ. ಕ್ಲೋರೋಪ್ಲಾಸ್ಟಿನಿಂದ ಹೊರಬಂದರೆ ಸುಕ್ರೋಸ್ ಆಗುತ್ತದೆ, ಒಳಗೇ ಉಳಿದರೆ ಪಿಷ್ಟವಾಗುತ್ತದೆ. ಹೊರಬರುವ ಬಾಗಿಲಲ್ಲಿ ಒಂದು ಕಟ್ಟುನಿಟ್ಟಿನ ಕರಾರಿದೆ: ಒಂದು ಸಕ್ಕರೆ ಫಾಸ್ಫೇಟ್ ಹೊರಗೆ ಹೋಗಬೇಕಾದರೆ ಹೊರಗಿನಿಂದ ಒಂದು ಬಿಡಿ ಫಾಸ್ಫೇಟ್ ಒಳಗೆ ಬರಬೇಕು. ಮಿಲ್ಲಿನಿಂದ ಖಾಲಿ ಚೀಲ ವಾಪಸ್ ಬಂದರೆ ಮಾತ್ರ ಮನೆಯಿಂದ ಮುಂದಿನ ಲೋಡು ಹೊರಡುವ ಹಾಗೆ.

ಹೊರಗೆ, ಕೋಶರಸದಲ್ಲಿ, ಸುಕ್ರೋಸ್ ಫಾಸ್ಫೇಟ್ ಸಿಂಥೇಸ್ ಎಂಬ ಕಿಣ್ವ ಕಾದಿರುತ್ತದೆ. ಓದುವ ಹುಡುಗರು ಎಸ್‌ಪಿಎಸ್ ಎನ್ನುತ್ತಾರೆ. ಅದು ಸುಕ್ರೋಸ್ ಫಾಸ್ಫೇಟ್ ಮಾಡುತ್ತದೆ, ಜೊತೆಗಾರ ಕಿಣ್ವ ಆ ಫಾಸ್ಫೇಟನ್ನು ಕಳಚುತ್ತದೆ. ಸುಕ್ರೋಸ್ ಸಿದ್ಧ, ಬಿಡುಗಡೆಯಾದ ಫಾಸ್ಫೇಟ್ ಮತ್ತೆ ಬಾಗಿಲಿಗೆ. ಸುಕ್ರೋಸ್ ಸಲೀಸಾಗಿ ಮುಂದೆ ಹೋಗುತ್ತಿರುವವರೆಗೆ ಈ ಚಕ್ರ ನಿಲ್ಲುವುದಿಲ್ಲ. ಸಕ್ಕರೆ ಜೋಡಣೆಯ ಈ ರಸಾಯನವನ್ನು ಬಿಡಿಸಿ ತೋರಿಸಿದವರು ಅರ್ಜೆಂಟೀನಾದ ಲೂಯಿ ಲೆಲ್ವಾರ್. ಅವರಿಗೆ 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಸುಕ್ರೋಸ್ ಮುಂದೆ ಹೋಗದೆ ಕಟ್ಟಿಕೊಂಡರೆ ಎಸ್‌ಪಿಎಸ್ ಮಂಕಾಗುತ್ತದೆ. ಕೋಶರಸದಲ್ಲಿ ಫ್ರಕ್ಟೋಸ್-2,6-ಬಿಸ್ಫಾಸ್ಫೇಟ್ ಎಂಬ ಸೂಚಕ ಅಣು ಏರುತ್ತದೆ, ಅದು ಸುಕ್ರೋಸ್ ದಾರಿಯ ಇನ್ನೊಂದು ಕಿಣ್ವಕ್ಕೆ ತಡೆ ಹಾಕುತ್ತದೆ. ಸಕ್ಕರೆ ಫಾಸ್ಫೇಟುಗಳಲ್ಲೇ ಸಿಕ್ಕಿಕೊಂಡ ಬಿಡಿ ಫಾಸ್ಫೇಟ್ ಬಾಗಿಲಿಗೆ ವಾಪಸ್ ಬರುವುದಿಲ್ಲ. ಆಗ ಕ್ಲೋರೋಪ್ಲಾಸ್ಟಿನೊಳಗೆ ಫಾಸ್ಫೇಟ್ ಇಳಿದು ಫಾಸ್ಫೋಗ್ಲಿಸರಿಕ್ ಆಮ್ಲ ಎಂಬ ಸಣ್ಣ ಅಣು ಏರುತ್ತದೆ. ಪಿಷ್ಟದ ಮೊದಲ ಮುಖ್ಯ ಕಿಣ್ವವಾದ ಎಡಿಪಿ-ಗ್ಲೂಕೋಸ್ ಪೈರೋಫಾಸ್ಫೊರಿಲೇಸ್ ಕಾಯುವುದು ಈ ಗಳಿಗೆಗೇ. ಫಾಸ್ಫೋಗ್ಲಿಸರಿಕ್ ಆಮ್ಲ ಅದನ್ನು ಎಬ್ಬಿಸುತ್ತದೆ, ಫಾಸ್ಫೇಟ್ ಅದನ್ನು ಅಡಗಿಸುತ್ತದೆ. ಒಂದು ಏರಿ ಇನ್ನೊಂದು ಇಳಿದಾಗ ಪಿಷ್ಟ ಕಟ್ಟುವುದು ಶುರು. ಎಲ್ಲೂ ಕುಳಿತು ಅಪ್ಪಣೆ ಕೊಡುವ ಯಜಮಾನನಿಲ್ಲ. ಮುಂದಿನ ದಾರಿ ಖಾಲಿಯಿದೆಯೋ ಇಲ್ಲವೋ ಎಂಬ ಸುದ್ದಿ ಫಾಸ್ಫೇಟಿನ ಏರಿಳಿತದ ಮೂಲಕವೇ ಮುಟ್ಟುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕಿಂತ ಚಂದದ ಏರ್ಪಾಡನ್ನು ನಾನು ಕಂಡಿಲ್ಲ.

ಹಾಗಾದರೆ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕ ಸಾಲದೆ ಹೋದರೆ?

ಒಳ್ಳೆಯ ಪ್ರಶ್ನೆ, ಮಲೆನಾಡಿನವರೇ ಕೇಳಬೇಕಾದದ್ದು. ನಮ್ಮ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ನೀರು ನಿಂತ ಗದ್ದೆಯಲ್ಲಿ ಅದರಲ್ಲಿ ಒಂದಷ್ಟು ಸಡಿಲವಾಗುತ್ತದೆ, ಹಾಗಾಗಿ ಖುಷ್ಕಿಯಷ್ಟು ಕಷ್ಟವಿಲ್ಲ. ಆದರೂ ಕೊರತೆಯಾದರೆ ಗಿಡದ ಬೆಳವಣಿಗೆ ಮೊದಲು ಕುಗ್ಗುತ್ತದೆ, ಮಾಡಿದ ಸಕ್ಕರೆಗೆ ಗಿರಾಕಿ ಕಡಿಮೆಯಾಗುತ್ತದೆ, ಬಾಗಿಲಲ್ಲಿ ಫಾಸ್ಫೇಟಿಗೆ ತತ್ವಾರ ಬರುತ್ತದೆ, ಎಲೆಯಲ್ಲಿ ಪಿಷ್ಟ ಉಳಿಯುತ್ತದೆ. ಪೈರು ಗಿಡ್ಡ, ತೆಂಡೆ ಕಡಿಮೆ, ಎಲೆ ಮಾತ್ರ ಕಡು ಹಸಿರು. ಈ ಕಡು ಹಸಿರನ್ನು ನೋಡಿ 'ಪೈರು ಭರ್ಜರಿ' ಎಂದು ನಂಬಬೇಡಿ. ಮಣ್ಣು ಪರೀಕ್ಷೆ ಮಾಡಿಸಿ.

ರಾತ್ರಿ ಹೊತ್ತು ಎಲೆ ಏನು ಮಾಡುತ್ತದೆ?

ಹಗಲು ಕೂಡಿಟ್ಟದ್ದನ್ನು ಬಿಚ್ಚುತ್ತದೆ. ಮೊದಲು ಒಂದು ಕಿಣ್ವ ಪಿಷ್ಟದ ಕಣದ ಮೈಗೆ ಫಾಸ್ಫೇಟ್ ಅಂಟಿಸಿ ಅದನ್ನು ಸಡಿಲ ಮಾಡುತ್ತದೆ. ಆಮೇಲೆ ಬೀಟಾ-ಅಮೈಲೇಸ್ ಸರಪಳಿಯ ತುದಿಯಿಂದ ಎರಡೆರಡು ಗ್ಲೂಕೋಸ್ ಕತ್ತರಿಸುತ್ತದೆ. ಹೀಗೆ ಹುಟ್ಟುವ ಮಾಲ್ಟೋಸ್ ಕ್ಲೋರೋಪ್ಲಾಸ್ಟಿನಿಂದ ಹೊರಬಂದು ಮತ್ತೆ ಸುಕ್ರೋಸ್ ಆಗುತ್ತದೆ. ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದಲ್ಲಿ ಇದು ಎಷ್ಟು ಲೆಕ್ಕಾಚಾರದ್ದೆಂದರೆ, ಬೆಳಕು ಹರಿಯುವ ಹೊತ್ತಿಗೆ ಶೇಕಡಾ 95ರಷ್ಟು ಪಿಷ್ಟ ಖರ್ಚಾಗಿರುತ್ತದೆ. ಭತ್ತ ಅಷ್ಟು ಪಿಷ್ಟದ ಮೇಲೆ ನಿಂತಿಲ್ಲ. ಎಲೆಯಲ್ಲಿ ಪಿಷ್ಟ ಕಟ್ಟುವ ಕಿಣ್ವದ ಒಂದು ಭಾಗ ಕೆಟ್ಟುಹೋದ ಭತ್ತದ ತಳಿಗಳು ಹೆಚ್ಚುಕಡಿಮೆ ಮಾಮೂಲಿನಂತೆಯೇ ಬೆಳೆದಿವೆ. ಅಂಥ ಭತ್ತ ರಾತ್ರಿ ಕಳೆಯುವುದು ಸುಕ್ರೋಸ್‌ನ ಬಲದಲ್ಲಿ.

ಬಾರ್ಲಿಯ ಎಲೆಯ ಪ್ರಯೋಗ ಎಂದು ಪಾಠದಲ್ಲಿ ಬರುತ್ತದಲ್ಲ, ಅದೇನು?

ಬಾರ್ಲಿ ನಮ್ಮ ಕಡೆಯ ಬೆಳೆಯಲ್ಲ, ಆದರೆ ಕಿಣ್ವದ ಹತೋಟಿ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಾರ್ಲಿಯ ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಯನ್ನು ನೀರಿನಲ್ಲಿಟ್ಟು, ಬಿಡದೆ ಬೆಳಕು ಕೊಡುತ್ತಾರೆ. ಎಲೆ ಸಕ್ಕರೆ ಮಾಡುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ. ಸುಕ್ರೋಸ್ ಏರುತ್ತದೆ. ಮೊದಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತಿದ್ದ ಒಂದು ಕಿಣ್ವ ಕೆಲವೇ ಗಂಟೆಗಳಲ್ಲಿ ಚುರುಕಾಗಿ, ಒಂದು ದಿನದೊಳಗೆ ಎಲೆಯಲ್ಲಿ ಫ್ರಕ್ಟಾನ್ ತುಂಬಿಕೊಳ್ಳುತ್ತದೆ. ಅದೇ ಎಲೆಯನ್ನು ಕತ್ತಲೆಗೆ ಇಟ್ಟರೆ ಫ್ರಕ್ಟಾನ್ ಕರಗುತ್ತಾ ಬರುತ್ತದೆ.

ಕಿಣ್ವಗಳ ಹೆಸರು ಉದ್ದ, ಕೆಲಸ ಸರಳ. ಮೊದಲನೆಯದು, 1-ಎಸ್‌ಎಸ್‌ಟಿ, ಒಂದು ಸುಕ್ರೋಸಿನಿಂದ ಫ್ರಕ್ಟೋಸ್ ಕಿತ್ತು ಇನ್ನೊಂದು ಸುಕ್ರೋಸಿಗೆ ಸೇರಿಸುತ್ತದೆ, ಗ್ಲೂಕೋಸ್ ಬಿಡಿಯಾಗಿ ಉಳಿಯುತ್ತದೆ. ಎರಡನೆಯದು, 6-ಎಸ್‌ಎಫ್‌ಟಿ, ಆ ಮೂರರ ತುಂಡಿಗೆ ಫ್ರಕ್ಟೋಸ್ ಪೋಣಿಸಿ ಕವಲು ಬೆಳೆಸುತ್ತದೆ. ಬಾರ್ಲಿಯ ಈ ಕಿಣ್ವದ ಜೀನನ್ನು ಪ್ರತ್ಯೇಕಿಸಿದ್ದು 1995ರಲ್ಲಿ ಪ್ರಕಟವಾಯಿತು. ಬೇಕೆಂದಾಗ ತುದಿಯಿಂದ ಒಂದೊಂದೇ ಫ್ರಕ್ಟೋಸ್ ಬಿಡಿಸುವುದು ಎಫ್‌ಇಎಚ್ ಎಂಬ ಮತ್ತೊಂದು ಕಿಣ್ವ. ಎಲ್ಲವೂ ನಡೆಯುವುದು ಜೀವಕೋಶದ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ನೀರು ತುಂಬಿದ ಚೀಲದಲ್ಲಿ (ವ್ಯಾಕ್ಯೂಲ್).

ಅಚ್ಚರಿಯ ಸಂಗತಿ ಎಂದರೆ ಈ ಕಟ್ಟುವ ಕಿಣ್ವಗಳು ಹುಟ್ಟಿದ್ದು ಒಡೆಯುವ ಕಿಣ್ವದಿಂದ. ಸುಕ್ರೋಸನ್ನು ನೀರಿನ ಸಹಾಯದಿಂದ ಒಡೆಯುವ ಇನ್ವರ್ಟೇಸ್ ಎಲ್ಲ ಗಿಡಗಳಲ್ಲೂ ಇದೆ. ವಿಕಾಸದ ಹಾದಿಯಲ್ಲಿ ಅದರ ಕೆಲವು ಅಮೈನೊ ಆಮ್ಲಗಳು ಬದಲಾಗಿ, ಕಿತ್ತ ಫ್ರಕ್ಟೋಸನ್ನು ನೀರಿಗೆ ಕೊಡುವ ಬದಲು ಇನ್ನೊಂದು ಸಕ್ಕರೆಗೆ ಕೊಡುವ ಕಿಣ್ವ ಆಯಿತು.

ಚಳಿನಾಡಿನ ಹುಲ್ಲಿಗೆ ಇದರಿಂದ ಏನು ಲಾಭ? ಚಳಿಗೆ ಬೆಳವಣಿಗೆ ನಿಂತರೂ ಎಲೆ ಸಕ್ಕರೆ ಮಾಡುವುದು ಅಷ್ಟು ಬೇಗ ನಿಲ್ಲುವುದಿಲ್ಲ. ಹೆಚ್ಚಾದದ್ದನ್ನು ಕರಗುವ ರೂಪದಲ್ಲಿ ರಸದಾನಿಗೆ ಹಾಕಿಟ್ಟರೆ ವಸಂತಕ್ಕೆ ಆಗುತ್ತದೆ. ಗೋಧಿ ಕಾಳು ತುಂಬುವಾಗ ದಂಟಿನಿಂದ ಮೇಲೇರುವುದೂ ಇದೇ ಫ್ರಕ್ಟಾನಿನ ಸಕ್ಕರೆ.

ಪುಷ್ಯ, ಆಶ್ಲೇಷ ಮಳೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣುವುದಿಲ್ಲ. ಆಗ?

ಆಗುಂಬೆ, ಹುಲಿಕಲ್ಲು ಕಡೆ ಜುಲೈ–ಆಗಸ್ಟಿನಲ್ಲಿ ಪೈರಿಗೆ ಸಿಗುವುದು ಮಬ್ಬು ಬೆಳಕು. ಸಕ್ಕರೆ ಕಡಿಮೆ, ಆದ್ದರಿಂದ ಕೂಡಿಡುವುದೂ ಕಡಿಮೆ. ನೆಟ್ಟಿ ಮುಗಿದು ಪೈರು ತೆಂಡೆ ಒಡೆಯುವ ಕಾಲವಾದ್ದರಿಂದ ಮಾಡಿದ್ದಷ್ಟೂ ಹೊಸ ಎಲೆಗೆ ಖರ್ಚು. ಇಂಥ ಹೊತ್ತಿನಲ್ಲಿ ಯೂರಿಯಾ ಹೆಚ್ಚು ಸುರಿದರೆ ಏನಾಗುತ್ತದೆ? ಸಾರಜನಕವನ್ನು ಅಮೈನೊ ಆಮ್ಲ ಮಾಡಲು ಇಂಗಾಲದ ಅಸ್ಥಿಪಂಜರ ಬೇಕು, ಅದು ಬರುವುದು ಸಕ್ಕರೆಯಿಂದಲೇ. ಇದ್ದಬದ್ದ ಸಕ್ಕರೆಯೂ ಅಲ್ಲಿಗೆ ಹೋಗಿ ಎಲೆ ಮೆತ್ತಗೆ, ಸೊಂಪಾಗಿ ಬೆಳೆಯುತ್ತದೆ. ಅಂಥ ಎಲೆ ಕಂಡರೆ ಬೆಂಕಿ ರೋಗಕ್ಕೆ ಸುಗ್ಗಿ. ಯೂರಿಯಾವನ್ನು ಕಂತು ಮಾಡಿ ಕೊಡಿ ಎಂದು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಭೂಮಿ ಹುಣ್ಣಿಮೆ ಹೊತ್ತಿಗೆ ಪೈರು 'ಬಸುರಿ' ಎನ್ನುತ್ತೇವೆ. ಆಗ ಒಳಗೆ ಏನು ನಡೆಯುತ್ತಿರುತ್ತದೆ?

ಸಾಗರ, ಸೊರಬದ ಕಡೆ ಆಶ್ವಯುಜದ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ತುಂಬಿದ ಬಸುರಿಗೆ ಬಯಕೆ ಬಡಿಸುವ ಹಾಗೆ ಅಡುಗೆ ಬಡಿಸುತ್ತಾರೆ. ಸುಮಾರಾಗಿ ಪೈರು ಹೊಡೆ ತುಂಬಿ ತೆನೆ ಹೊರಡುವ ಕಾಲ ಅದು. ಕಿಣ್ವಗಳ ಲೆಕ್ಕದಲ್ಲೂ ಭತ್ತದ ಬದುಕಿನಲ್ಲಿ ಅದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಹೂ ಕಟ್ಟುವ ಮೊದಲಿನ ವಾರಗಳಲ್ಲಿ ಎಲೆಕವಚ ಮತ್ತು ದಂಟು ಪಿಷ್ಟ ತುಂಬಿಕೊಳ್ಳುತ್ತವೆ. ಆಗ ಅಲ್ಲಿ ಪಿಷ್ಟ ಕಟ್ಟುವ ಕಿಣ್ವಗಳು ಜೋರು. ತೆನೆ ಹೊರಬಂದು ಕಾಳು ಕಟ್ಟಲು ಶುರುವಾದ ಮೇಲೆ ಅವು ಇಳಿದು, ಅಮೈಲೇಸುಗಳೂ ಎಸ್‌ಪಿಎಸ್ಸೂ ಏರುತ್ತವೆ. ಅದುವರೆಗೆ ಕೂಡಿಡುತ್ತಿದ್ದ ಎಲೆಕವಚ ಈಗ ಪಿಷ್ಟವನ್ನು ಸುಕ್ರೋಸ್ ಮಾಡಿ ಮೇಲಕ್ಕೆ ಕಳಿಸುತ್ತದೆ. ಕಾಳಿನ ತೂಕದಲ್ಲಿ ಹೀಗೆ ಮೊದಲೇ ಕೂಡಿಟ್ಟದ್ದರ ಪಾಲು ಸಾಮಾನ್ಯವಾಗಿ ಶೇಕಡಾ 20ರಿಂದ 40. ಉಳಿದದ್ದು ಹೂವಾದ ಮೇಲೆ ಮೇಲಿನ ಎಲೆಗಳು ಮಾಡುವ ಸಕ್ಕರೆ. ಚಿತ್ತೆ, ಸ್ವಾತಿಯಲ್ಲಿ ಮೋಡ ಕವಿದರೆ ಕೂಡಿಟ್ಟ ಪಾಲೇ ಆಸರೆ.

ಕಾಳು ಜೊಳ್ಳಾಗುವುದು ಸಕ್ಕರೆ ಸಾಲದೆಯಾ?

ಕೆಲವು ಸಲ ಹೌದು, ಆದರೆ ಅದೊಂದೇ ಅಲ್ಲ. ಹೂವಿನ ಹೊತ್ತಿಗೆ ಜಡಿಮಳೆ ಹೊಡೆದರೆ, ಬಿಸಿಲು ಅತಿಯಾದರೆ, ತಿಗಣೆ ಹೀರಿದರೆ ಕೂಡ ಜೊಳ್ಳು. ಸಕ್ಕರೆಯ ಕಡೆಯಿಂದ ನೋಡಿದರೆ ಎಲೆ ಕಳಿಸಿದರಷ್ಟೇ ಸಾಲದು, ಕಾಳು ತೆಗೆದುಕೊಳ್ಳಬೇಕು. ಕಾಳಿನ ಬಾಗಿಲಲ್ಲಿ ಕೋಶಭಿತ್ತಿಯ ಇನ್ವರ್ಟೇಸ್ ಸುಕ್ರೋಸನ್ನು ಒಡೆಯುತ್ತದೆ. 2008ರಲ್ಲಿ ಚೀನಾದ ವಿಜ್ಞಾನಿಗಳು ಈ ಕಿಣ್ವದ ಒಂದು ಜೀನ್ ಕೆಟ್ಟರೆ ಭತ್ತದ ಕಾಳು ಅರೆಬರೆ ತುಂಬುತ್ತದೆ ಎಂದು ತೋರಿಸಿಕೊಟ್ಟರು. ಆ ಜೀನಿಗೆ ಅವರಿಟ್ಟ ಹೆಸರು ಜಿಐಎಫ್-1.

ಕಾಳಿನಲ್ಲಿ ಪಿಷ್ಟ ಕಟ್ಟುವ ಕಿಣ್ವಗಳ ಹೆಸರು ಎಲೆಯವೇ ಆದರೂ ಜೀನುಗಳು ಬಹಳಷ್ಟು ಬೇರೆ. ಎಲೆಯಲ್ಲಿ ಕ್ಲೋರೋಪ್ಲಾಸ್ಟಿನೊಳಗೆ ಕೂತಿರುವ ಎಡಿಪಿ-ಗ್ಲೂಕೋಸ್ ಪೈರೋಫಾಸ್ಫೊರಿಲೇಸ್, ಧಾನ್ಯದ ಕಾಳಿನಲ್ಲಿ ಬಹುಪಾಲು ಹೊರಗೆ ಕೋಶರಸದಲ್ಲಿರುತ್ತದೆ. ಅನ್ನ ಉದುರುದುರಾಗುವುದೋ ಅಂಟುವುದೋ ಎಂಬುದರಲ್ಲಿ ದೊಡ್ಡ ಕೈ ಇರುವ 'ವ್ಯಾಕ್ಸಿ' ಜೀನು ಕಾಳಿನದು, ಎಲೆಗೆ ಅದರ ಸೋದರ ಜೀನು ಬೇರೆಯೇ ಇದೆ.

ಎಲೆಯಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲವಾ?

ಅಲ್ಲ. ಈ ತಪ್ಪು ತಿಳಿವಳಿಕೆ ವಾಟ್ಸಾಪಿನಲ್ಲಿ ಸಿಕ್ಕಾಪಟ್ಟೆ ಓಡಾಡುತ್ತದೆ. ಸಕ್ಕರೆ ಎಲೆಯಲ್ಲೇ ಕಟ್ಟಿಕೊಂಡರೆ ಎಲೆ ಅದನ್ನು ಗುರುತಿಸಿ ದ್ಯುತಿಸಂಶ್ಲೇಷಣೆಯ ಜೀನುಗಳನ್ನೇ ತಗ್ಗಿಸುತ್ತದೆ. ಹೀಗೆ ಗುರುತಿಸುವುದರಲ್ಲಿ ಹೆಕ್ಸೋಕೈನೇಸ್ ಎಂಬ ಕಿಣ್ವಕ್ಕೂ ಪಾತ್ರವಿದೆ.

ಪೊಟ್ಯಾಷ್ ಕೊರತೆಯಲ್ಲಿ ಆಗುವುದು ಇದೇ. ಸುಕ್ರೋಸನ್ನು ನಾಳಕ್ಕೆ ತುಂಬಿ ಸಾಗಿಸಲು ಪೊಟ್ಯಾಷಿಯಂ ಬೇಕು. ಅದಿಲ್ಲದಿದ್ದರೆ ಸಕ್ಕರೆ ಎಲೆಯಲ್ಲೇ ಕೂರುತ್ತದೆ, ಬೇರು ಹಸಿಯುತ್ತದೆ, ಎಲೆಯ ಅಂಚು ತುದಿಯಿಂದ ಒಣಗುತ್ತಾ ಬರುತ್ತದೆ. ನಮ್ಮ ಮಳೆಗೆ ಪೊಟ್ಯಾಷ್ ತೊಳೆದುಹೋಗುವುದು ಹೆಚ್ಚು, ಹುಲ್ಲನ್ನೆಲ್ಲ ಗದ್ದೆಯಿಂದ ಹೊತ್ತು ತಂದರೆ ಅದರ ಜೊತೆಗೂ ಹೋಗುತ್ತದೆ. ಕೊಟ್ಟಿಗೆ ಗೊಬ್ಬರವಾಗಿ ಅದು ಅದೇ ಗದ್ದೆಗೆ ವಾಪಸ್ ಹೋಗಲಿ.

ಇದನ್ನೆಲ್ಲ ಕಣ್ಣಾರೆ ನೋಡಲು ಸಾಧ್ಯವಾ?

ಪಿಷ್ಟವನ್ನು ನೋಡಬಹುದು, ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಸಾಕು. ಶಾಲೆಯಲ್ಲಿ ಮಾಡಿಸುವುದಾದರೆ ಬಿಸಿಲಿದ್ದ ದಿನ ಸಂಜೆ ಮೆಕ್ಕೆಜೋಳದ ಎಲೆಯ ತುಂಡು ತನ್ನಿ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ. ಆಮೇಲೆ ಸ್ಪಿರಿಟ್ ಇರುವ ಲೋಟದಲ್ಲಿ ಹಾಕಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. ಒಲೆ ಆರಿಸಿಯೇ ಇಡಿ, ಸ್ಪಿರಿಟ್ಟಿಗೆ ಬೆಂಕಿ ತಗುಲುವುದು ಕ್ಷಣದ ಮಾತು. ಹಸಿರು ಬಿಟ್ಟು ಎಲೆ ಬಿಳಿಚಿದ ಮೇಲೆ ನೀರಿನಲ್ಲಿ ತೊಳೆದು, ತೆಳು ಮಾಡಿದ ಅಯೋಡಿನ್ ಹನಿಸಿ. ಎಲೆ ಇಡಿಯಾಗಿ ಒಂದೇ ಸಮ ಕಪ್ಪಾಗುವುದಿಲ್ಲ, ನರಗಳ ಉದ್ದಕ್ಕೂ ಸಾಲು ಸಾಲಾಗಿ ಕಡು ಗೆರೆ ಏಳುತ್ತದೆ. ಮೇಲೆ ಹೇಳಿದ ಕೆಲಸದ ಹಂಚಿಕೆ ಅದೇ. ಮರುದಿನ ಸೂರ್ಯ ಹುಟ್ಟುವ ಮೊದಲು ಕಿತ್ತ ಎಲೆಯಲ್ಲಿ ಬಣ್ಣ ಬಹಳ ಕಡಿಮೆ. ಭತ್ತದಲ್ಲಿ ನೋಡುವುದಾದರೆ ಅಲಗಿಗಿಂತ, ಹೊಡೆ ಹಂತದ ಎಲೆಕವಚವನ್ನು ಅಡ್ಡ ಸೀಳಿ ನೋಡಿ.

ಇದೇ ತತ್ವದ ಮೇಲೆ ಭತ್ತದ ಟುಂಗ್ರೋ ನಂಜುರೋಗಕ್ಕೆ ಹೊಲದ ಪರೀಕ್ಷೆಯೊಂದಿದೆ. ಎಲೆಯ ತುದಿಗಳನ್ನು ಬೆಳಗಿನ ಜಾವ ಆರು ಗಂಟೆಯೊಳಗೆ ಕಿತ್ತು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾರೆ. ಆರೋಗ್ಯವಂತ ಎಲೆ ರಾತ್ರಿಯೇ ಪಿಷ್ಟ ಖಾಲಿ ಮಾಡಿರುತ್ತದೆ. ನಂಜು ಸಾಗಣೆಯ ನಾಳಕ್ಕೆ ತಗುಲಿದ್ದರೆ ಪಿಷ್ಟ ಅಲ್ಲೇ ಉಳಿದು ಕಡು ನೀಲಿ ಗೆರೆ ಬರುತ್ತದೆ. ಇದು ಸುಳಿವು ಮಾತ್ರ, ಖಚಿತವಾಗಲು ಪ್ರಯೋಗಾಲಯವೇ ಬೇಕು.

ರೋಗಾಣುಗಳಿಗೆ ಈ ಸಕ್ಕರೆ ಸಿಗುತ್ತದಾ?

ಕದಿಯುತ್ತವೆ. ದುಂಡಾಣು ಎಲೆ ಅಂಗಮಾರಿಯ ಬ್ಯಾಕ್ಟೀರಿಯಾ ಭತ್ತದ ಕೋಶದೊಳಗೆ ತನ್ನ ಪ್ರೋಟೀನು ನುಗ್ಗಿಸಿ, 'ಸ್ವೀಟ್' ಎಂಬ ಸಕ್ಕರೆ ಸಾಗಣೆಯ ಜೀನನ್ನು ತಾನೇ ಚಾಲೂ ಮಾಡಿಸುತ್ತದೆ. ಸ್ವೀಟ್ ಕಿಣ್ವವಲ್ಲ, ಸುಕ್ರೋಸ್ ಹೊರಹೋಗುವ ಕಂಡಿ. ಹೊರಬಂದದ್ದು ಬ್ಯಾಕ್ಟೀರಿಯಾದ ಊಟ. ಹೈದರಾಬಾದಿನಲ್ಲಿ ರೂಪಿಸಿದ 'ಸುಧಾರಿತ ಸಾಂಬಾ ಮಸೂರಿ' ತಳಿಯಲ್ಲಿರುವ ಮೂರು ನಿರೋಧಕ ಜೀನುಗಳಲ್ಲಿ ಎಕ್ಸ್‌ಎ-13 ಎಂಬುದು ಈ ಕಂಡಿಯದೇ ಬದಲಾದ ರೂಪ. ಬ್ಯಾಕ್ಟೀರಿಯಾ ಒತ್ತುವ ಗುಂಡಿ ಅದರಲ್ಲಿ ಇಲ್ಲ.

ದನಕ್ಕೆ ಹಸಿಹುಲ್ಲು ಬೆಳಿಗ್ಗೆ ಕೊಯ್ಯುವುದು ಒಳ್ಳೆಯದೋ, ಸಂಜೆಯೋ?

ಸಕ್ಕರೆಯ ಲೆಕ್ಕದಲ್ಲಿ ಸಂಜೆ. ದಿನವಿಡೀ ಕೂಡಿದ ಸಕ್ಕರೆ, ಪಿಷ್ಟ ಆಗ ಎಲೆಯಲ್ಲಿ ಅತಿ ಹೆಚ್ಚು. ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲಿನ ಪ್ರೋಟೀನನ್ನು ಬಳಸಿಕೊಳ್ಳಲು ಆ ಸಕ್ಕರೆಯೇ ಶಕ್ತಿ. ಕೊಯ್ದ ಮೇಲೂ ಕಿಣ್ವಗಳು ನಿಲ್ಲುವುದಿಲ್ಲ. ಹುಲ್ಲು ಒಣಗುವವರೆಗೆ ಉಸಿರಾಡಿ ಸಕ್ಕರೆ ಸುಡುತ್ತಲೇ ಇರುತ್ತದೆ, ರಾಶಿ ಹಾಕಿದ ಹುಲ್ಲು ಬಿಸಿಯಾಗಲು ಅದೂ ಒಂದು ಕಾರಣ. ರಸಮೇವು ಮಾಡುವಾಗ ಕತ್ತರಿಸಿದ ಕೂಡಲೇ ತುಳಿದು ಗಾಳಿ ತೆಗೆಯಿರಿ ಎನ್ನುವುದು ಇದಕ್ಕೇ: ಸಕ್ಕರೆ ಉಸಿರಾಟಕ್ಕೆ ಹೋಗದೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಕ್ಕೆ ಸಿಗಬೇಕು. ಮೆಕ್ಕೆಜೋಳದಲ್ಲಿ ಸಕ್ಕರೆ ಸಾಕಷ್ಟಿದೆ. ಸೀಮೆಹುಲ್ಲಿನಲ್ಲಿ ಕಡಿಮೆ, ಅದಕ್ಕೆ ಸ್ವಲ್ಪ ಬೆಲ್ಲ ಬೆರೆಸುವುದು ಸರಿಯಾದ ಕ್ರಮ.

ಹಾಗಾದರೆ ಬೆಲ್ಲದ ನೀರನ್ನು ಪೈರಿನ ಎಲೆಗೇ ಹೊಡೆದರೆ?

ಬೇಡ. ಎಲೆಗೆ ಸಕ್ಕರೆಯ ಬಡತನವಿದ್ದರೆ ಅದಕ್ಕೆ ಕಾರಣ ಬೆಳಕು, ಪೋಷಕಾಂಶ ಅಥವಾ ಬೇರು. ಮೇಲಿನಿಂದ ಹೊಡೆದದ್ದು ಅದನ್ನು ಸರಿಮಾಡುವುದಿಲ್ಲ, ಎಲೆಯ ಮೇಲೆ ಉಳಿದ ಅಂಟು ಬೂಷ್ಟಿಗೆ ಆಹಾರ. ಜೀವಾಮೃತದಲ್ಲಿ ಬೆಲ್ಲ ಹಾಕುವುದು ಅದರೊಳಗಿನ ಸೂಕ್ಷ್ಮಜೀವಿಗಳಿಗಾಗಿ, ಅದು ಬೇರೆ ವಿಷಯ.

ಎಲೆಯಲ್ಲಿ ಹೆಚ್ಚು ಸಕ್ಕರೆ ಇಡುವ ತಳಿ ಮಾಡಿದ್ದಾರಾ?

ಮೇವಿನ ಹುಲ್ಲಿನಲ್ಲಿ ಮಾಡಿದ್ದಾರೆ. ವೇಲ್ಸ್ ದೇಶದ ಅಬೆರಿಸ್ಟ್ವಿತ್‌ನಲ್ಲಿ ಫ್ರಕ್ಟಾನ್ ಹೆಚ್ಚಿರುವ ರೈಗ್ರಾಸ್ ತಳಿಗಳನ್ನು ಹಸುಗಳಿಗಾಗಿಯೇ ಆರಿಸಿ ಬೆಳೆಸಿದರು. ಎಲೆಯನ್ನೇ ತಿನ್ನಿಸುವ ಬೆಳೆಗೆ ಅದು ಸರಿ. ಭತ್ತದಲ್ಲಿ ಅದೇ ಗುರಿ ಇಟ್ಟುಕೊಂಡರೆ ಅರ್ಥವಿಲ್ಲ. ಇಲ್ಲಿ ಬೇಕಾದದ್ದು ಹೂವಿಗೆ ಮೊದಲು ಎಲೆಕವಚ ಚೆನ್ನಾಗಿ ತುಂಬಿ, ಹೂವಾದ ಮೇಲೆ ಸಂಪೂರ್ಣವಾಗಿ ಬಿಟ್ಟುಕೊಡುವ ತಳಿ. ಕೊಯ್ಲಿನ ಹೊತ್ತಿಗೂ ದಂಟು ಹಸಿರಾಗಿ, ಪಿಷ್ಟ ಉಳಿಸಿಕೊಂಡಿದ್ದರೆ ಅಷ್ಟು ಕಾಳು ನಷ್ಟವಾದಂತೆ. ತಡವಾಗಿ ಯೂರಿಯಾ ಕೊಟ್ಟ ಗದ್ದೆಯಲ್ಲಿ ಇದನ್ನು ಕಾಣಬಹುದು.

ಕೊಯ್ದ ಮೇಲೆ ಕೂಳೆ ಚಿಗುರುವುದು ಯಾವುದರ ಬಲದಿಂದ?

ಆ ಉಳಿಕೆಯ ಬಲದಿಂದಲೇ. ಬುಡದ ಗೆಣ್ಣು, ಎಲೆಕವಚಗಳಲ್ಲಿ ಉಳಿದ ಪಿಷ್ಟವನ್ನು ಅಮೈಲೇಸುಗಳು ಬಿಡಿಸಿ ಮೊಗ್ಗಿಗೆ ಕೊಡುತ್ತವೆ, ಹೊಸ ಎಲೆ ಬಿಚ್ಚಿ ತಾನೇ ದುಡಿಯುವವರೆಗೆ. ನೆಲಮಟ್ಟಕ್ಕೆ ಕೊಯ್ದರೆ ಈ ಬಂಡವಾಳ ಹುಲ್ಲಿನ ಜೊತೆ ಕಣಕ್ಕೆ ಹೋಗುತ್ತದೆ. ಕೂಳೆಯಲ್ಲಿ ದನ ಮೇಯಿಸುವವರು ಒಂದು ಗೇಣು ಬುಡ ಬಿಟ್ಟು ಕೊಯ್ಯಲಿ. ಗದ್ದೆಯಲ್ಲಿ ಇನ್ನೂ ತೇವವಿದ್ದರೆ ಕೆಲವು ದಿನಗಳಲ್ಲೇ ಬುಡದಿಂದ ಹಸಿರು ಏಳುತ್ತದೆ.